ಹೇಳದೆ ಎದ್ದು ಬಂದದ್ದು

ಸಾವಾದ ಮನೆಗೆ ಹೋದವರು ಹೇಳಿ ಹೊರಡಬಾರದು. ಇದನ್ನು ನಾನು ಕಲಿತದ್ದು ದೊಡ್ಡಮ್ಮನ ಊರು ಬಿಳಿಚೋಡಿನಲ್ಲಿ, ಏಳೆಂಟು ವರ್ಷದವಳಿದ್ದಾಗ. ಅವಳ ಪಕ್ಕದ ಮನೆಯಲ್ಲಿ ಯಾರೋ ತೀರಿಕೊಂಡಿದ್ದರು. ಎದ್ದು ಬರುವಾಗ ನಾನು ದೊಡ್ಡ ಜಾಣೆಯ ಹಾಗೆ “ಹೋಗಿ ಬರ್ತೀವ್ರೀ” ಅಂದೆ. ಅವ್ವ ರಟ್ಟೆ ಹಿಂಡಿದ ಜಾಗ ಎರಡು ದಿನ ಕೆಂಪಗಿತ್ತು.

“ಸತ್ತ ಮನ್ಯಾಗೆ ಮತ್ತೆ ಬರ್ತೀನಿ ಅಂತಾರೇನೇ? ಸುಮ್ನೆ ಎದ್ದು ಬರಬೇಕು” ಅಂದಳು ದಾರಿಯಲ್ಲಿ. ನಮ್ಮೂರು ಸೊಕ್ಕೆಗೆ ಬಂದವಳೇ ನನ್ನನ್ನು ಹಿತ್ತಲಲ್ಲಿ ನಿಲ್ಲಿಸಿ ತಲೆಯ ಮೇಲೆ ನೀರು ಸುರಿದು, ಇಬ್ಬರ ಬಟ್ಟೆಯನ್ನೂ ನೆನೆಹಾಕಿದಳು. ಆ ಪಾಠವನ್ನು ನಾನು ಮರೆಯಲಿಲ್ಲ. ಮರೆತಿದ್ದರೆ ಚೆನ್ನಾಗಿತ್ತು.

ಎಂ.ಎಸ್ಸಿ. ಓದುವಾಗ ವಿದ್ಯಾರ್ಥಿ ವಿನಿಮಯದಲ್ಲಿ ಆರು ತಿಂಗಳಿಗೆ ಜರ್ಮನಿಯ ಒಂದು ಸಣ್ಣ ಊರಿಗೆ ಹೋದೆ. ವಯಸ್ಸಾದ ಗಂಡ ಹೆಂಡತಿ ತಮ್ಮ ಮನೆಯ ಮಹಡಿ ಕೋಣೆ ಕೊಟ್ಟಿದ್ದರು. ಅವರನ್ನು ನಾನು ಮನಸ್ಸಿನಲ್ಲಿ ಅಜ್ಜ, ಅಜ್ಜಿ ಅಂತಲೇ ಕರೆಯುತ್ತಿದ್ದೆ. ಮೂಳೆಗೆ ಇಳಿಯುವ ಚಳಿ. ಬೆಳಗ್ಗೆ ನಾನು ಕೆಳಗಿಳಿಯುವಷ್ಟರಲ್ಲಿ ಅಜ್ಜ ನನ್ನ ಬೂಟುಗಳನ್ನು ತಂದು ಹೀಟರಿನ ಪಕ್ಕ ಇಟ್ಟಿರುತ್ತಿದ್ದ. ಕಾಲಿಟ್ಟರೆ ಬೆಚ್ಚಗೆ. ಅಷ್ಟು ಹಿರಿಯನೊಬ್ಬ ನನ್ನ ಬೂಟು ಮುಟ್ಟುವುದೆಂದರೆ ನಾನು ನಾಚಿಕೆಯಿಂದ ಕುಗ್ಗಿ ಹೋಗುತ್ತಿದ್ದೆ. ಬೇಡ ಅಂದರೆ ಕಿವಿ ಕೇಳದವನ ಹಾಗೆ ನಟಿಸುತ್ತಿದ್ದ. ನನ್ನ ಅರೆಬರೆ ಜರ್ಮನ್‌ನಲ್ಲಿ ಅವನಿಗೊಂದು ಥ್ಯಾಂಕ್ಸ್ ಕೂಡ ನೆಟ್ಟಗೆ ಹೇಳಿರಲಿಲ್ಲ.

ನಾಲ್ಕನೇ ತಿಂಗಳಲ್ಲಿ ಅಜ್ಜ ಆಸ್ಪತ್ರೆಗೆ ಸೇರಿದ, ಮೂರು ದಿನಕ್ಕೆ ಹೋಗಿಬಿಟ್ಟ. ಮಣ್ಣು ಮಾಡಿದ್ದು ವಾರ ಕಳೆದ ಮೇಲೆ. ಹೆಣವನ್ನು ವಾರಗಟ್ಟಲೆ ಇಟ್ಟುಕೊಂಡು ಕೂರುವ ಇವರೆಂಥ ಜನ ಎಂದು ಒಳಗೊಳಗೇ ಬೈದುಕೊಂಡೆ. ಅವತ್ತು ಬೆಳಗ್ಗೆ ಅಜ್ಜಿ ತನ್ನ ಕಪ್ಪು ಉಣ್ಣೆಯ ಕೋಟನ್ನು ನನಗೆ ತೊಡಿಸಿದಳು. ಮದುವೆಯಾದ ಹೊಸದರಲ್ಲಿ ಅಜ್ಜ ಕೊಡಿಸಿದ್ದಂತೆ.

ಸ್ಮಶಾನದಿಂದ ಎಲ್ಲರೂ ನೇರವಾಗಿ ಒಂದು ಹಾಲ್‌ಗೆ ನಡೆದರು. ಸ್ನಾನವಿಲ್ಲ, ಏನಿಲ್ಲ, ಉದ್ದ ಟೇಬಲ್ಲುಗಳ ಮೇಲೆ ಕಾಫಿ, ಕೇಕು. ಒಬ್ಬೊಬ್ಬರೇ ಎದ್ದು ಅಜ್ಜನ ಬಗ್ಗೆ ಏನಾದರೂ ಹೇಳುತ್ತಿದ್ದರು. ಒಬ್ಬ, ಅಜ್ಜ ಮೀನು ಹಿಡಿಯಲು ಹೋಗಿ ತನ್ನ ಟೋಪಿಯನ್ನೇ ಗಾಳಕ್ಕೆ ಸಿಕ್ಕಿಸಿಕೊಂಡದ್ದನ್ನು ಹೇಳಿದ. ಜನ ನಕ್ಕರು. ಅಜ್ಜಿಯೂ ನಕ್ಕಳು. ನನಗೆ ಮೈಯೆಲ್ಲ ಉರಿಯಿತು. ಆಮೇಲೆ ಅಜ್ಜಿ ನನ್ನ ಕಡೆ ನೋಡಿದಳು. ಬೂಟಿನ ಕಥೆ ಹೇಳಲಿ ಎಂದೇ ನೋಡಿದ್ದು ಅಂತ ಈಗ ಗೊತ್ತು. ನಾನು ತಲೆ ತಗ್ಗಿಸಿದೆ. ಮುಂದಿದ್ದ ಕೇಕನ್ನೂ ಮುಟ್ಟಲಿಲ್ಲ.

ಜನ ಏಳತೊಡಗಿದಾಗ ಅಜ್ಜಿ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಕೈಯನ್ನೂ ಹಿಡಿದು ಕಳಿಸಿಕೊಡುತ್ತಿದ್ದಳು. ನಾನು ಅಡುಗೆಮನೆ ಕಡೆಯ ಬಾಗಿಲಿನಿಂದ ಯಾರಿಗೂ ಹೇಳದೆ ಹೊರಬಿದ್ದೆ. ಅವ್ವ ಕಲಿಸಿದಂತೆ ನಡೆದುಕೊಂಡೆ ಎಂಬ ಹೆಮ್ಮೆ ಬೇರೆ.

ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡೆ. ಮೈಮೇಲಿದ್ದದ್ದನ್ನೆಲ್ಲ ಬಿಸಿನೀರಿಗೆ ಹಾಕಿದೆ. ಕೋಟನ್ನೂ ಹಾಕಿದೆ. ಸೋಪಿನ ಪುಡಿ ಸುರಿದು ಉಜ್ಜುತ್ತಿದ್ದಾಗ ಅಜ್ಜಿ ಬಚ್ಚಲ ಬಾಗಿಲಿಗೆ ಬಂದು ನಿಂತಳು.

“ನಿನಗಾಗಿ ಕಾಯುತ್ತಿದ್ದೆ. ಎಲ್ಲರೂ ಹೋದರು. ನಾನು ಕಾಯುತ್ತಲೇ ಇದ್ದೆ” ಅಂದಳು. ಕೋಟನ್ನು ನೋಡಿದಳು.

ಸಾವಿಗೆ ಹೋಗಿ ಬಂದರೆ ನಮ್ಮಲ್ಲಿ ಎಲ್ಲವನ್ನೂ ತೊಳೆಯಬೇಕು ಎಂದು ತಡವರಿಸಿಕೊಂಡು ಹೇಳಿದೆ.

“ಏನನ್ನು ತೊಳೆಯುವುದು?”

“ಅಲ್ಲಿಂದ ಅಂಟಿದ್ದನ್ನು.”

ಅಜ್ಜಿ ಬಗ್ಗಿ, ನೀರಿನಲ್ಲಿದ್ದ ಕೋಟಿನ ತೋಳನ್ನು ಎತ್ತಿ ಹಿಡಿದಳು. “ಅವನು ನಿನಗೆ ಹೊಲಸಾಗಿ ಹೋದನೇ?”

ಅಲ್ಲ ಅಂದೆ. ಅಲ್ಲ, ಅಲ್ಲ ಎಂದು ಎಷ್ಟೋ ಸಲ ಅಂದೆ. ಅವಳು ತಲೆ ಒರೆಸಿಕೋ ಎಂದು ಟವೆಲ್ಲು ಕೊಟ್ಟು ಕೆಳಗೆ ಹೋದಳು. ಕೋಟು ಒಣಗಿದಾಗ ಐದು ವರ್ಷದ ಮಗುವಿಗೆ ಹಾಕುವಷ್ಟು ಕುಗ್ಗಿತ್ತು.

ಉಳಿದ ಎರಡು ತಿಂಗಳು ಅಜ್ಜಿ ಊಟ ಬಡಿಸಿದಳು, ಹವೆಯ ಬಗ್ಗೆ ಮಾತಾಡಿದಳು. ಬೂಟುಗಳು ಬಾಗಿಲ ಬಳಿ ತಣ್ಣಗೆ ಕೂತಿರುತ್ತಿದ್ದವು. ಹೊರಡುವ ದಿನಕ್ಕೆಂದು ಬೂಟಿನ ಕಥೆಯನ್ನು ನಾಲ್ಕು ವಾಕ್ಯದಲ್ಲಿ ಬಾಯಿಪಾಠ ಮಾಡಿದ್ದೆ. ಅಜ್ಜಿ ಬಾಗಿಲಲ್ಲಿ ನಿಂತು ಕೈ ಮುಂದೆ ಚಾಚಿದಳು. ನಾನು ಹಿಡಿದೆ. ಒಂದು ವಾಕ್ಯವೂ ಬಾಯಿಗೆ ಬರಲಿಲ್ಲ. ಕಾಗದ ಬರೆದರಾಯಿತು ಅಂದುಕೊಂಡೆ. ಹಾಗೆ ಅಂದುಕೊಳ್ಳುತ್ತಲೇ ಇದ್ದಾಗ ಅಜ್ಜಿಯೂ ಹೋದಳು ಎಂದು ಅವಳ ಮಗಳ ಮೇಲ್ ಬಂತು.

ಹೋದ ವರ್ಷ ಅಪ್ಪ ತೀರಿಕೊಂಡ. ಸೊಕ್ಕೆಯ ನಮ್ಮ ಹೊಲದಲ್ಲೇ ಮಣ್ಣು ಮಾಡಿದೆವು. ನಾನು ಕೆಲಸ ಮಾಡುವ ಹೊನ್ನಾಳಿಯ ಕಾಲೇಜಿನಿಂದ ಗೆಳತಿಯೊಬ್ಬಳು ಮೂರು ಬಸ್ಸು ಬದಲಿಸಿ ಬಂದಿದ್ದಳು. ಮಣ್ಣು ಮುಗಿದು ಮನೆಯ ಹತ್ತಿರ ಬಂದಾಗ ಜನ ತಲೆ ತಗ್ಗಿಸಿಕೊಂಡು, ಒಬ್ಬರ ಹಿಂದೆ ಒಬ್ಬರು, ಮಾತಿಲ್ಲದೆ ಕರಗಿದರು. ಎಲ್ಲರೂ ನಡೆದುಕೊಂಡದ್ದು ಸರಿಯಾಗಿಯೇ. ಆದರೂ ನಾನು ಬಾಗಿಲಲ್ಲಿ ನಿಂತಿದ್ದೆ. ಗೆಳತಿಯೂ ಹೊರಟದ್ದನ್ನು ನೋಡಿ ರಸ್ತೆಯವರೆಗೆ ಹಿಂದೆಯೇ ಹೋಗಿ ಕೈ ಹಿಡಿದುಕೊಂಡೆ.

“ಹೋಗ್ತೀನಿ ಅಂತ ಒಂದ್ ಮಾತು ಹೇಳಿ ಹೋಗೇ.”

ಅವಳು ಗಾಬರಿಯಾದಳು. “ಹಂಗೆಲ್ಲ ಅನ್ನಬಾರ್ದು, ನಿಂಗೆ ಗೊತ್ತಿಲ್ವಾ? ಒಳಗೆ ನಡಿ” ಎಂದು ಮೆಲ್ಲಗೆ ಕೈ ಬಿಡಿಸಿಕೊಂಡು, ಹಿಂದಕ್ಕೆ ನೋಡದೆ ನಡೆದಳು. ಅಜ್ಜಿ ಆ ಹಾಲ್‌ನ ಬಾಗಿಲಲ್ಲಿ ಎಷ್ಟು ಹೊತ್ತು ನಿಂತಿದ್ದಿರಬೇಕು ಎಂದು ಅವತ್ತು ನನಗೆ ಅರ್ಥವಾಯಿತು.

ಹಿತ್ತಲಿನಿಂದ ಅಪ್ಪನ ತಂಗಿ ಕೂಗಿದಳು. “ಏನೂ ಮುಟ್ಟಬ್ಯಾಡ. ನೀರು ಬಿಸಿ ಐತೆ, ಮೊದ್ಲು ತಲಿಗೆ ಹಾಕ್ಕಾ ಬಾ.”

ಬೆಳಗಿನಿಂದ ಮಣ್ಣಿಗೆ ಒಯ್ಯುವವರೆಗೂ ನಾನು ಅಪ್ಪನ ಪಾದ ಹಿಡಿದುಕೊಂಡು ಕೂತಿದ್ದೆ. ಬಚ್ಚಲಲ್ಲಿ ನಿಂತು ಕೈ ನೋಡಿಕೊಂಡೆ. ಅತ್ತೆ ಹೊರಗಿನಿಂದ ಇನ್ನೊಮ್ಮೆ ಕರೆದಳು. ಸೋಪು ತಗೊಂಡು ಎರಡೂ ಕೈ ಉಜ್ಜಿ ಉಜ್ಜಿ ತೊಳೆದೆ.