ಇಪ್ಪತ್ತಾರು ವರ್ಷ ತಡವಾದ ಲಗ್ನಪತ್ರಿಕೆ

ಲಗ್ನಪತ್ರಿಕೆ ಕೈಗೆ ಬಂದ ಕೂಡಲೇ ಜನ ಮೊದಲು ಏನು ನೋಡುತ್ತಾರೆಂದು ನೀವು ಎಂದಾದರೂ ಗಮನಿಸಿದ್ದೀರಾ? ಮುಹೂರ್ತವನ್ನಲ್ಲ, ಛತ್ರದ ವಿಳಾಸವನ್ನೂ ಅಲ್ಲ. ಊಟ ಎಷ್ಟು ಹೊತ್ತಿಗೆ ಎಂಬುದು ಎರಡನೆಯ ಓದಿಗೆ ಬಿಟ್ಟ ವಿಷಯ. ಕಣ್ಣು ಮೊದಲು ಓಡುವುದು ತಮ್ಮ ಹೆಸರಿನ ಕಡೆಗೆ. ಸೋದರಮಾವ ತನ್ನ ಹೆಸರು ಎಷ್ಟನೆಯ ಸಾಲಿನಲ್ಲಿದೆ ಎಂದು ನೋಡುತ್ತಾನೆ, ಚಿಕ್ಕಪ್ಪ ಸೋದರಮಾವನ ಹೆಸರು ತನಗಿಂತ ಮೇಲೇನಾದರೂ ಇದೆಯೇ ಎಂದು ನೋಡುತ್ತಾನೆ. ಮೂರನೆಯ ತರಗತಿಯ ಮೊಮ್ಮಗು ಕೂಡ ಕೆಳಗಿನ ಮೂಲೆಯಲ್ಲಿ ಪುಟ್ಟ ಅಕ್ಷರದಲ್ಲಿ ತನ್ನ ಹೆಸರು ಕಾಣುವವರೆಗೆ ಕಾಗದ ಬಿಟ್ಟುಕೊಡುವುದಿಲ್ಲ. ಇವರನ್ನೆಲ್ಲ ನೋಡಿ ನಾನು ಬಹಳ ವರ್ಷ ಒಳಗೊಳಗೇ ನಕ್ಕಿದ್ದೇನೆ. ನಾನಾದರೋ ಮೊದಲು ನೋಡುವುದು ನೆತ್ತಿಯ ಮೇಲಿನ ಶ್ರೀಕಾರವನ್ನು. ಅದರ ಮೇಲೆ ಹೆಬ್ಬೆರಳಾಡಿಸಿ, ಬರೆದವನು ಕೈ ಎತ್ತದೆ ಬರೆದನೋ ನಡುವೆ ನಿಲ್ಲಿಸಿದನೋ ಎಂದು ಹೇಳಬಲ್ಲೆ. ಕಂಪ್ಯೂಟರಿನ ಶ್ರೀಕಾರವಾದರೆ ಹೆಬ್ಬೆರಳು ಸುಮ್ಮನೆ ಜಾರಿ ಕೆಳಗಿಳಿಯುತ್ತದೆ.

ಇಷ್ಟು ಜಂಬ ಎಲ್ಲಿಂದ ಬಂತೆಂದು ಕೇಳುವಿರಿ. ನಾನು ಎಸ್ಸೆಸ್ಸೆಲ್ಸಿ ಮುಗಿಸಿ, ಅದಕ್ಕಿಂತ ಮುಂದೆ ಓದಿಸುವವರಿಲ್ಲದೆ ದೆಹಲಿಗೆ ಬಂದು, ಒಂದು ಸರ್ಕಾರಿ ಕಚೇರಿಯ ನಕ್ಷೆ ವಿಭಾಗದಲ್ಲಿ ಟ್ರೇಸರ್ ಆದವನು. ಎಂಜಿನಿಯರರು ಪೆನ್ಸಿಲಿನಲ್ಲಿ ಗೀಚಿದ್ದನ್ನು ಪಾರದರ್ಶಕ ಹಾಳೆಯ ಮೇಲೆ ಕಪ್ಪು ಮಸಿಯಲ್ಲಿ ತಿದ್ದಿ ತೆಗೆಯುವುದು ನನ್ನ ಉದ್ಯೋಗ. ಆಗ ಈ ಊರಿನ ಮುದ್ರಣಾಲಯಗಳಲ್ಲಿ ಕನ್ನಡದ ಅಚ್ಚುಮೊಳೆ ಸಿಗುತ್ತಿರಲಿಲ್ಲ. ಹೀಗಾಗಿ ಕನ್ನಡದವರ ಮನೆಯಲ್ಲಿ ಮದುವೆ ನಿಶ್ಚಯವಾದರೆ ಪತ್ರಿಕೆಯನ್ನು ಯಾರಾದರೂ ಕೈಯಲ್ಲೇ ಬರೆದು, ಅದರ ಪಡಿಯಚ್ಚು ತೆಗೆಸಬೇಕಿತ್ತು. ಆ ಯಾರಾದರೂ ಎಂಬ ಸ್ಥಾನ ಬೇಗನೆ ನನ್ನದಾಯಿತು. ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ ಪ್ರೊಫೆಸರರು, ಹೆಸರಿನ ಹಿಂದೆ ಮುಂದೆ ಡಿಗ್ರಿ ಅಂಟಿಸಿಕೊಂಡ ಅಧಿಕಾರಿಗಳು, ಮಗಳ ಮದುವೆ ಬಂತೆಂದರೆ ಎಸ್ಸೆಸ್ಸೆಲ್ಸಿಯವನ ಎರಡು ಕೋಣೆಯ ಕ್ವಾರ್ಟರ್ಸಿಗೆ ಬಂದು ಮಡಚುವ ಕುರ್ಚಿಯ ಮೇಲೆ ವಿನಯದಿಂದ ಕೂರುತ್ತಿದ್ದರು. ಮಂಗಳೂರಿನ ಕ್ರೈಸ್ತ ಮಿತ್ರರ ಮಗನಿಗೆ ಶಿಲುಬೆಯ ಸುತ್ತ ಮಲ್ಲಿಗೆ ಬಳ್ಳಿ ಹಬ್ಬಿಸಿದ್ದೇನೆ. ಭಟ್ಕಳದ ಸಹೋದ್ಯೋಗಿಯ ತಂಗಿಯ ನಿಕಾಹ್‌ಗೆ ಚಂದ್ರಕಲೆಯ ಕೆಳಗೆ ಕನ್ನಡ ಸಾಲುಗಳನ್ನು ತೋರಣದಂತೆ ಬಾಗಿಸಿದ್ದೇನೆ. ಒಬ್ಬರಿಂದಲೂ ಏನನ್ನೂ ಪಡೆದವನಲ್ಲ, ಹೊಗಳಿಕೆಯನ್ನು ಬಿಟ್ಟು. ಅದನ್ನು ಮಾತ್ರ ಧಾರಾಳವಾಗಿ ಪಡೆದಿದ್ದೇನೆ.

ಅಚ್ಚು ಹಾಕಿಸುತ್ತಿದ್ದುದು ಚಾವಡಿ ಬಜಾರಿನ ಗಲ್ಲಿಯೊಂದರಲ್ಲಿ. ಅಲ್ಲಿನ ಮುದ್ರಕನಿಗೆ ಕನ್ನಡದ ಒಂದಕ್ಷರವೂ ಬಾರದು. ಮೊದಲ ಸಲ ನನ್ನ ಹಾಳೆಯನ್ನು ಹಿಡಿದು ಹಾಗೂ ಹೀಗೂ ತಿರುಗಿಸಿ, "ಬಾಬೂಜಿ, ಇದರಲ್ಲಿ ತಲೆ ಯಾವುದು, ಕಾಲು ಯಾವುದು?" ಎಂದು ಕೇಳಿದ್ದ. ನಾನು ನಕ್ಕು ಉತ್ತರಿಸದೆ ಬಂದೆ. ಅದರ ಫಲವಾಗಿ ನಲವತ್ತು ಪತ್ರಿಕೆಗಳಲ್ಲಿ ವರನ ತಂದೆತಾಯಿಯರು ಶೀರ್ಷಾಸನ ಹಾಕಿಕೊಂಡು ನಿಮ್ಮೆಲ್ಲರ ಸುಖಾಗಮನವನ್ನು ಬಯಸಿದರು. ಅಂದಿನಿಂದ ಪ್ರತಿ ಹಾಳೆಯ ಮೇಲೂ ಬಾಣ ಬರೆದು ಹಿಂದಿಯಲ್ಲಿ 'ಮೇಲೆ' ಎಂದು ಸೂಚಿಸುವುದನ್ನು ಕಲಿತೆ. ಅವನು ನನ್ನ ದುಂಡು ಅಕ್ಷರಗಳಿಗೆ 'ಗೋಲ್-ಗೋಲ್' ಎಂದು ಹೆಸರಿಟ್ಟಿದ್ದ.

ಮಗಳು ಮಾಲತಿ ಬೆಳೆದದ್ದು ಈ ಮಸಿಯ ವಾಸನೆಯಲ್ಲೇ. ನಿಬ್ಬು ಒರೆಸಿಕೊಡುವುದು, ಅಚ್ಚಾಗಿ ಬಂದ ಪತ್ರಿಕೆಯ ನಾಲ್ಕು ಮೂಲೆಗೆ ಅರಿಸಿನ ಹಚ್ಚುವುದು ಅವಳ ಕೆಲಸ. ಎಂಟು ವರ್ಷದವಳಿದ್ದಾಗಲೇ ಆರ್ಡರು ಕೊಟ್ಟಿದ್ದಳು: "ಅಪ್ಪ, ನನ್ನ ಮದುವೆ ಕಾಗದದಲ್ಲಿ ಶ್ರೀ ಮೇಲೆ ನವಿಲು ಕೂತಿರಬೇಕು. ಬೇರೆ ಯಾರಿಗೂ ನವಿಲು ಬರೀಬಾರದು." ನಾನು ಮಾತು ಕೊಟ್ಟೆ. ಆಮೇಲೆ ಯಾರು ಎಷ್ಟು ಕೇಳಿದರೂ ಗಿಳಿ ಬರೆದೆ, ಹಂಸ ಬರೆದೆ, ನವಿಲನ್ನು ಮಾತ್ರ ಎತ್ತಿಟ್ಟಿದ್ದೆ.

ಇನ್ನು ಮುಂದಿನದು ನಾನು ಇದುವರೆಗೆ ಬರೆಯದೇ ಇದ್ದ ಭಾಗ.

ಮಾಲತಿ ಕಾಲೇಜಿನಲ್ಲಿ ಗಣಿತ ಓದಿ ಶಾಲೆಯ ಶಿಕ್ಷಕಿಯಾದ ಮೇಲೆ, ದಲ್ಬೀರ ಎಂಬ ಹುಡುಗನನ್ನು ಮದುವೆಯಾಗುತ್ತೇನೆಂದಳು. ದೆಹಲಿಯಾಚೆಯ ಮಾನೇಸರಿನಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯ ಮೇಲ್ವಿಚಾರಕ; ಅಲ್ಲೇ ಹತ್ತಿರದ ಹಳ್ಳಿಯ, ಎಮ್ಮೆ ಕಟ್ಟಿದ ಮನೆಯವನು. ನಾನು ಒಪ್ಪಿದೆ. ಕನ್ನಡ ಸಂಘದ ಮೆಟ್ಟಿಲ ಮೇಲೆ ನಿಂತು, "ಕಾಲ ಬದಲಾಗಿದೆ ಸ್ವಾಮಿ, ಮಕ್ಕಳ ಸಂತೋಷವೇ ನಮ್ಮ ಸಂತೋಷ" ಎಂದು ನಾಲ್ಕು ಜನ ಕೇಳುವಂತೆ ಹೇಳಿ ವಿಶಾಲಹೃದಯಿ ಎನಿಸಿಕೊಂಡೆ. ಬಾಯಿ ಒಪ್ಪಿತ್ತು, ಕೈ ಒಪ್ಪಲಿಲ್ಲ. ಈ ಊರಿನ ಕನ್ನಡದವರೆಲ್ಲ ನನ್ನ ಅಕ್ಷರವನ್ನು ದೂರದಿಂದಲೇ ಗುರುತಿಸಬಲ್ಲರು. ಪತ್ರಿಕೆ ನನ್ನ ಕೈಯಲ್ಲಿ ಹೋಯಿತೆಂದರೆ, ನಾನೇ ಮನೆಮನೆಯ ಬಾಗಿಲು ಬಡಿದು ನನಗೆ ಈ ಸಂಬಂಧ ಹೆಮ್ಮೆ ಎಂದು ಹೇಳಿದಂತೆ. ಅಷ್ಟು ಹೆಮ್ಮೆ ಆಗ ನನ್ನಲ್ಲಿ ಇರಲಿಲ್ಲ. ಇಲ್ಲವೆಂದು ಹೇಳುವ ಧೈರ್ಯವೂ ಇರಲಿಲ್ಲ.

ಆದ್ದರಿಂದ ಬಸ್ಸಿನಿಂದ ಇಳಿಯುವಾಗ ಬಿದ್ದೆನೆಂದು ಹೇಳಿ, ಬಲಗೈ ಮಣಿಕಟ್ಟಿಗೆ ಬ್ಯಾಂಡೇಜು ಸುತ್ತಿಕೊಂಡು ಮನೆಗೆ ಬಂದೆ.

ಸುಳ್ಳು ಹೇಳುವುದು ಸುಲಭ, ಅದನ್ನು ಐದು ವಾರ ಕಟ್ಟಿಕೊಂಡು ತಿರುಗುವುದು ಕಷ್ಟ. ಎಡಗೈಯಲ್ಲಿ ಚಮಚ ಹಿಡಿದು ಸಾರನ್ನ ತಿಂದೆ. ಅರ್ಧ ಸಾರು ಅಂಗಿಗೆ ಉಣಿಸಿದೆ. ನನ್ನಾಕೆ ದಿನಾ ಸಂಜೆ ಕರ್ಪೂರ ಹಾಕಿದ ಕೊಬ್ಬರಿ ಎಣ್ಣೆ ಕಾಯಿಸಿ, ಏನೂ ಆಗದ ನನ್ನ ಮಣಿಕಟ್ಟನ್ನು ಭಕ್ತಿಯಿಂದ ನೀವಿದಳು. ನಾನು ಅಲ್ಲಲ್ಲಿ "ಹಾ" ಎಂದು ನರಳಿ ಅವಳ ಶ್ರಮಕ್ಕೆ ನ್ಯಾಯ ಒದಗಿಸಿದೆ. ಮಗಳ ಪತ್ರಿಕೆ ಹಿಂದಿಯಲ್ಲೂ ಇಂಗ್ಲಿಷಿನಲ್ಲೂ, ಬಜಾರಿನ ಸಿದ್ಧ ಕಾರ್ಡಿನ ಮೇಲೆ, ಮಿನುಗುವ ಗಣೇಶನೊಡನೆ ಅಚ್ಚಾಯಿತು. ಮುದ್ರಕ ಮಾತ್ರ ಸುತ್ತಲೂ ನೋಡಿ ಕೇಳಿದ: "ಬಾಬೂಜಿ, ಸ್ವಂತ ಮಗಳ ಮದುವೆ, ನಿಮ್ಮ ಗೋಲ್-ಗೋಲ್ ಎಲ್ಲಿ?" ನಾನು ಬ್ಯಾಂಡೇಜು ತೋರಿಸಿದೆ. ಅವನು ಅಯ್ಯೋ ಪಾಪ ಎಂದು ಚಹಾ ತರಿಸಿದ.

ಮದುವೆಯ ದಿನ ಬೆಳಿಗ್ಗೆ ಸ್ನಾನ ಮಾಡಿ, ಗಡಿಬಿಡಿಯಲ್ಲಿ ಬ್ಯಾಂಡೇಜು ಸುತ್ತಿಕೊಂಡು ಹೊರಗೆ ಬಂದೆ. ಮದುಮಗಳ ಕೋಣೆಯಿಂದ ಮಾಲತಿ ಕರೆದಳು. ಹೋದೆ. ಅವಳು ಬಾಗಿಲು ಮುಂದೆ ಮಾಡಿ, ನನ್ನ ಎಡಗೈಯನ್ನು ಹಿಡಿದು, ಬ್ಯಾಂಡೇಜನ್ನು ಸುತ್ತು ಸುತ್ತಾಗಿ ಬಿಚ್ಚಿ, ಬಲಗೈಗೆ ಕಟ್ಟಿ, ತನ್ನ ಸೆರಗಿನ ಪಿನ್ನೊಂದನ್ನು ತೆಗೆದು ಅದಕ್ಕೆ ಚುಚ್ಚಿದಳು. ಒಂದು ಗಂಟೆಯ ನಂತರ ಧಾರೆ ಎರೆಯುವಾಗ ನೀರು ಆ ಬಟ್ಟೆಗೆ ಇಂಗಿ ತಣ್ಣಗಾದದ್ದು ಇವತ್ತಿಗೂ ಮಣಿಕಟ್ಟಿಗೆ ನೆನಪಿದೆ.

ಮದುವೆಯಾಗಿ ಎರಡು ತಿಂಗಳಿಗೆ ನನ್ನ ಕೈ ಪವಾಡದಂತೆ ಗುಣವಾಗಿ, ಸಂಘದ ಕಾರ್ಯದರ್ಶಿಯ ಮಗಳಿಗೆ ಸೊಗಸಾದ ಪತ್ರಿಕೆ ಬರೆಯಿತು. ಅದರ ಪ್ರತಿ ಮಾಲತಿಯ ಮನೆಗೂ ಹೋಯಿತು. ಅವಳು ಫೋನು ಮಾಡಿ, "ಗಿಳಿ ಚೆನ್ನಾಗಿದೆ ಅಪ್ಪ" ಎಂದಷ್ಟೇ ಹೇಳಿದಳು.

ವರ್ಷಗಳು ಕಳೆದವು. ದಲ್ಬೀರನ ವಿಷಯದಲ್ಲಿ ನನ್ನ ಲೆಕ್ಕಾಚಾರವೆಲ್ಲ ತಪ್ಪಾಯಿತು. ನನ್ನ ಕಣ್ಣಿನ ಪೊರೆ ತೆಗೆಸಿದಾಗ ರಜೆ ಹಾಕಿ ಬಂದು, ಹನಿ ಬಿಡುವ ಹೊತ್ತನ್ನು ಗೋಡೆಯ ಮೇಲೆ ಬರೆದಿಟ್ಟವನು ಅವನು. ಅವನು ಬಾವೂಜಿ ಎಂದು ಕರೆಯುವ ಅಪ್ಪ ಚೌಧರಿ ಸಾಹೇಬರು ತಾವು ಬದುಕಿರುವವರೆಗೆ ಪ್ರತಿ ಚಳಿಗಾಲ ನಮ್ಮ ಇಂದಿರಾಪುರಂ ಫ್ಲ್ಯಾಟಿಗೆ ಒಂದು ಡಬ್ಬ ತುಪ್ಪ ಹೊತ್ತು, ಮೂರು ಬಸ್ಸು ಬದಲಿಸಿ ಬರುತ್ತಿದ್ದರು. ನಾನು ಆ ತುಪ್ಪ ತಿಂದೆ. ಬ್ಯಾಂಡೇಜಿನ ಮಾತು ಎತ್ತಲಿಲ್ಲ.

ಈ ವರ್ಷ ಮೊಮ್ಮಗಳು ತಾರಾಳ ಮದುವೆ ನಿಶ್ಚಯವಾಯಿತು. ಒಂದು ಭಾನುವಾರ ಎಲ್ಲರೂ ನಮ್ಮಲ್ಲಿಗೆ ಬಂದಿದ್ದರು. ಊಟವಾದ ಮೇಲೆ ತಾರಾ ನನ್ನ ಪಕ್ಕ ಬಂದು ಕೂತಳು. "ಅಜ್ಜ, ನನ್ನ ಕಾರ್ಡ್ ನೀವೇ ಬರೀಬೇಕು. ನನಗೆ ಓದಕ್ಕೆ ಬರಲ್ಲ, ಫಿರ್ ಭೀ ಕನ್ನಡಾನೇ ಬೇಕು."

ನನಗೆ ಈಗ ಎಂಬತ್ತರ ಹತ್ತಿರ. ಚಹಾದ ಕಪ್ಪು ಬಸಿಯ ಮೇಲೆ ತಾಳ ಹಾಕದೆ ಕೂರುವುದಿಲ್ಲ. "ಆಗಲ್ಲ ಪುಟ್ಟಿ," ಎಂದೆ, "ಕೈ ನಡುಗುತ್ತೆ."

ಎದುರು ಕುರ್ಚಿಯಲ್ಲಿ ಕಿತ್ತಳೆ ಸುಲಿಯುತ್ತಿದ್ದ ಮಾಲತಿ ತಲೆ ಎತ್ತದೆ ಕೇಳಿದಳು: "ಯಾವ ಕೈ, ಅಪ್ಪ?"

ಇಪ್ಪತ್ತಾರು ವರ್ಷ ಇವಳು ಅದನ್ನು ಗಂಡನಿಗೂ ಹೇಳದೆ, ತಾಯಿಗೂ ಹೇಳದೆ ಇಟ್ಟುಕೊಂಡಿದ್ದಳು. ದಲ್ಬೀರನ ಮನೆಯಲ್ಲಿ ನನಗೆ ಸಿಕ್ಕ ಮರ್ಯಾದೆಯೆಲ್ಲ ಇವಳು ಚುಚ್ಚಿದ ಆ ಒಂದು ಪಿನ್ನಿನ ಮೇಲೆ ನಿಂತಿತ್ತೆಂದು ಆ ಕ್ಷಣ ತಿಳಿಯಿತು. ನಾನು ಅಲ್ಲೇ, ಎಲ್ಲರ ಮುಂದೆ, ಹಿಂದಿಯಲ್ಲೇ ಹೇಳಿದೆ, ದಲ್ಬೀರನಿಗೂ ಅರ್ಥವಾಗಲೆಂದು. ಬಸ್ಸಿನಿಂದ ನಾನು ಬಿದ್ದಿರಲಿಲ್ಲ, ಕೈಗೆ ಏನೂ ಆಗಿರಲಿಲ್ಲ, ಬರೆಯಲು ಮನಸ್ಸಿರಲಿಲ್ಲ. ಯಾಕಿರಲಿಲ್ಲ ಎಂಬುದನ್ನೂ ಬಿಡಲಿಲ್ಲ.

ಮೊದಲು ಚೇತರಿಸಿಕೊಂಡವಳು ನನ್ನಾಕೆ. "ಐದು ವಾರ! ನಾನು ಕೂತು ಎಣ್ಣೆ ತಿಕ್ಕಿದ್ದು! ನರಳಿದ್ರಲ್ಲ, ಅದೂ ನಾಟಕವೇ?"

ದಲ್ಬೀರ ತನ್ನ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡ. ಆಮೇಲೆ, "ಪಾಪಾಜಿ, ನಮ್ಮ ಬಾವೂಜಿಯೂ ಮದುವೆಗೆ ಮುಂಚೆ ಮೂರು ದಿನ ಊಟ ಬಿಟ್ಟಿದ್ದರು. ಹೊಟ್ಟೆನೋವು ಅಂತ ಹೇಳಿದ್ದರು," ಎಂದ. ತಾರಾ ನಕ್ಕಳು. ಮಾಲತಿ ನಗಲಿಲ್ಲ. ಕಿತ್ತಳೆಯ ಒಂದು ತೊಳೆ ನನ್ನ ಕೈಗಿಟ್ಟು ಹೇಳಿದಳು: "ತಾರಾಂದು ಆಮೇಲೆ. ಮೊದಲು ನಂದು ಬರ್ಕೊಡಿ."

ಬರೆದೆ. ಮೂರು ವಾರ ಹಿಡಿಯಿತು. ಹಳೆಯ ನಿಬ್ಬುಗಳನ್ನು ಸೀಮೆಎಣ್ಣೆಯ ಬದಲು ಈಗ ಸಿಗುವ ಏನೋ ದ್ರವದಲ್ಲಿ ನೆನೆಹಾಕಿ, ಕಿಟಕಿಯ ಬಿಸಿಲಿಗೆ ಮೇಜು ಎಳೆದುಕೊಂಡು, ಹಾಳೆಯ ಮೇಲೆ ಹಾಳೆ ಕೆಡಿಸಿದೆ. ನೇರ ಗೆರೆ ಅಲೆಯಾಯಿತು, ಕೊಂಬು ಹುಳುವಾಯಿತು, ನನ್ನ ಮೊದಲ ನವಿಲನ್ನು ನೋಡಿ ನನ್ನಾಕೆ, "ಕೋಳಿಗೆ ಯಾಕ್ರೀ ಕಿರೀಟ?" ಎಂದಳು. ಕೊನೆಗೆ ಉಪಾಯ ತಾನಾಗಿ ಸಿಕ್ಕಿತು. ಎಡಗೈಯಿಂದ ಬಲಗೈ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು, ಉಸಿರು ಬಿಡುತ್ತ ಒಂದೊಂದೇ ಗೆರೆ ಎಳೆದರೆ ನಡುಕ ಅರ್ಧಕ್ಕೆ ಇಳಿಯುತ್ತದೆ. ಹಿಂದೆ ಬ್ಯಾಂಡೇಜು ಕಟ್ಟಿದ್ದ ಜಾಗವನ್ನೇ ಹಿಡಿದಿದ್ದೇನೆಂದು ಎರಡನೆಯ ದಿನ ಗಮನಕ್ಕೆ ಬಂತು. ಸುಮ್ಮನೆ ಬರೆಯುತ್ತ ಹೋದೆ.

ದಿನಾಂಕ, ಮುಹೂರ್ತ ಅಂದಿನದೇ. ಸಕುಟುಂಬ ಸಪರಿವಾರ ಬಂದು ಹರಸಬೇಕೆಂಬ ಸಾಲನ್ನೂ ಬದಲಿಸಲಿಲ್ಲ. ಚೌಧರಿ ಸಾಹೇಬರ ಹೆಸರು ಬಂದಾಗ ಲೇಖನಿ ನಿಂತಿತು. ಅವರು ಹೋಗಿ ಆರು ವರ್ಷ. ಹೆಸರಿನ ಹಿಂದೆ ದಿವಂಗತ ಎಂದು ಸೇರಿಸುವುದು ರೂಢಿ. ಆದರೆ ಈ ಮದುವೆಯ ದಿನ ಅವರು ಗುಲಾಬಿ ಪೇಟ ಸುತ್ತಿ ಬಾಗಿಲಲ್ಲೇ ನಿಂತಿದ್ದರಲ್ಲ? ಬರಿದೇ ಶ್ರೀ ಎಂದು ಬರೆದೆ.

ಇದ್ದದ್ದು ಒಂದೇ ಪ್ರತಿ. ಅಂಚೆಯಲ್ಲಿ ಕಳಿಸುವುದು ಸರಿಯಲ್ಲವೆಂದು ನಾನೂ ನನ್ನಾಕೆಯೂ ಅರಿಸಿನ, ಕುಂಕುಮ, ತೆಂಗಿನಕಾಯಿ ಚೀಲಕ್ಕೆ ಹಾಕಿಕೊಂಡು, ಎರಡು ಮೆಟ್ರೊ ಹಿಡಿದು, ಊರಿನ ಈ ತುದಿಯಿಂದ ಆ ತುದಿಯ ಮಗಳ ಮನೆಗೆ ಕರೆಯಲು ಹೋದೆವು. ಬಾಗಿಲು ತೆರೆದವಳಿಗೆ ಅಲ್ಲೇ ನಿಂತು, ಮಗಳ ಮದುವೆ ಇಟ್ಟುಕೊಂಡಿದ್ದೇವೆ, ತಪ್ಪದೆ ಬರಬೇಕು ಎಂದು ಹೇಳಿ ಪತ್ರಿಕೆ ಕೊಟ್ಟೆ.

ದಲ್ಬೀರ ಬಗ್ಗಿ ನೋಡಿದ. "ಇದರಲ್ಲಿ ಬಾವೂಜಿ ಎಲ್ಲಿ?" ತೋರಿಸಿದೆ. ಹೆಸರಿನ ಹಿಂದೆ ದಿವಂಗತ ಎಂದು ಸೇರಿಸಿಲ್ಲವೆಂದು ಹೇಳಿದೆ. ಅವನು ಕನ್ನಡಕ ತೆಗೆದು ಒರೆಸಿಕೊಂಡ. ಒರೆಸಿ ಮುಗಿಯಲು ಸ್ವಲ್ಪ ಹೊತ್ತು ಹಿಡಿಯಿತು.

ತಾರಾಳ ಪತ್ರಿಕೆಯೂ ಆ ನಂತರ ನನ್ನ ಕೈಯಲ್ಲೇ ಆಯಿತು. ನಡುಗಿದ ಗೆರೆಗಳನ್ನು ಅವಳು ಕಂಪ್ಯೂಟರಿನಲ್ಲಿ ನೇರ ಮಾಡಲು ಬಿಡಲಿಲ್ಲ. ಮುನ್ನೂರು ಪ್ರತಿ ಹೋದವು. ಹಳಬರು ಫೋನು ಮಾಡಿ, ಇನ್ನೂ ಬರೀತೀರಾ ಮಹರಾಯರೇ ಎಂದು ಬೆರಗಾದರು. ನಾನು ಹೂಂ ಎಂದೆ. ಎದೆ ಉಬ್ಬಿತೆಂದು ಬೇರೆ ಹೇಳಬೇಕಾಗಿಲ್ಲ.

ಆದರೆ ನನ್ನ ಹೆಮ್ಮೆ ನಿಂತಿರುವುದು ಆ ಒಂದೇ ಪ್ರತಿಯ ಮೇಲೆ. ಅಂದು ಬಾಗಿಲಲ್ಲಿ ಮಾಲತಿ ಅದನ್ನು ಬಿಡಿಸಿದಾಗ, ವೃತ್ತಿಯ ಚಾಳಿಯಂತೆ ನಾನು ಅವಳ ಕಣ್ಣನ್ನೇ ನೋಡುತ್ತಿದ್ದೆ. ಅವಳು ಶ್ರೀಕಾರವನ್ನು ನೋಡಲಿಲ್ಲ. ಅಷ್ಟು ಕಷ್ಟಪಟ್ಟು ಕೂರಿಸಿದ ನವಿಲನ್ನೂ ನೋಡಲಿಲ್ಲ. ಅವಳ ಕಣ್ಣು ಸಾಲುಗಳ ಮೇಲೆ ಸರಸರನೆ ಇಳಿದು ನಡುವೆ ಒಂದು ಕಡೆ ನಿಂತಿತು, ಹೆಬ್ಬೆರಳು ಅಲ್ಲಿಗೆ ಹೋಯಿತು. ನನ್ನ ಮಸಿಯಲ್ಲಿ, ಸ್ವಲ್ಪ ಅಲುಗಾಡಿದ ನನ್ನ ದುಂಡು ಅಕ್ಷರದಲ್ಲಿ, ಚಿರಂಜೀವಿ ಸೌಭಾಗ್ಯವತಿ ಮಾಲತಿ ಎಂದು ಅಲ್ಲಿತ್ತು.

ಲಗ್ನಪತ್ರಿಕೆಯಲ್ಲಿ ಮೊದಲು ತಮ್ಮ ಹೆಸರು ಹುಡುಕುವವರನ್ನು ನೋಡಿ ನಾನೀಗ ನಗುವುದಿಲ್ಲ. ಸಿಗುವವರೆಗೆ ಕಾದು ನಿಲ್ಲುತ್ತೇನೆ.