ಗುರುಶಾಂತಮ್ಮ ಪಾಲು ಹಂಚದ ಪುಡಿ

ಆನೆಕೊಂಡದ ಕಡೆಯ ಆ ಮಂಡಕ್ಕಿ ಭಟ್ಟಿ ಅಪ್ಪನಿಂದ ಮಗನಿಗೆ ಬಂದದ್ದಲ್ಲ. ಅತ್ತೆಯ ಕೈಯಿಂದ ಸೊಸೆಯ ಕೈಗೆ ಇಳಿದುಕೊಂಡು ಬಂದದ್ದು. ಅದನ್ನು ಹೂಡಿದವಳು ಬಸವಣ್ಣೆಮ್ಮ. ಒಂದು ಮಳೆಗಾಲ ಹರಿಹರದಲ್ಲಿ ಹೊಳೆ ಉಕ್ಕಿ ಸೇತುವೆಯ ಕಮಾನುಗಳಿಗೆ ನಾಲಿಗೆ ಚಾಚುತ್ತಿದ್ದಾಗ, ಗಾಡಿಯವನು ಎತ್ತು ಬಿಚ್ಚಿ ಕೂತುಬಿಟ್ಟ. ಆಚೆ ದಡದ ಮದುವೆ ಮನೆಯವರು ಮಂಡಕ್ಕಿಗೆ ಕಾದಿದ್ದರು. ಬಸವಣ್ಣೆಮ್ಮ ಸೆರಗು ಬಿಗಿದು, ಬುಟ್ಟಿ ತಲೆಗೇರಿಸಿ, ಒಬ್ಬಳೇ ಸೇತುವೆಯ ಮೇಲೆ ನಡೆದು ದಾಟಿದಳು. ಒಂದು ಕಾಳೂ ನೆನೆದಿರಲಿಲ್ಲವೆಂದು ಆ ಮನೆಯ ಮೊಮ್ಮಕ್ಕಳು ಇಂದಿಗೂ ಹೇಳುತ್ತಾರೆ. ಅವಳ ಸೊಸೆ ಹಾಲಮ್ಮ, ಹತ್ತಿ ಗಿರಣಿಯಲ್ಲಿ ಮುಷ್ಕರವಾಗಿ ಬೀದಿಯ ಒಲೆಗಳೆಲ್ಲ ತಣ್ಣಗಾದಾಗ, ಸಂಜೆಗೊಮ್ಮೆ ಭಟ್ಟಿಯ ಬಾಗಿಲಲ್ಲಿ ಕೂತು ಬಂದ ಮಕ್ಕಳ ಮಡಿಲಿಗೆಲ್ಲ ಮೊರ ಮೊರ ಮಂಡಕ್ಕಿ ಸುರಿದವಳು. ಅವಳ ಸೊಸೆ ಕೊಟ್ರಮ್ಮ, ಹೊಟ್ಟಿನ ರಾಶಿಗೆ ಬೆಂಕಿ ಬಿದ್ದು ಗಂಡಸರು ಬೀದಿಗೆ ಓಡಿದರೆ, ಹಸಿ ಗೋಣಿ ಹಿಡಿದು ಒಳಗೆ ನುಗ್ಗಿದವಳು. ಬೆಂಕಿ ಆರಿಸಿ, ಉಳಿದ ಕೆಂಡದ ಮೇಲೆ ಚಹಾ ಕಾಸಿ, ಓಡಿಹೋದವರನ್ನು ಕೂಗಿ ಕರೆದು ಕುಡಿಸಿದಳು.

ಕೊಟ್ರಮ್ಮನ ಸೊಸೆ ಗುರುಶಾಂತಮ್ಮ. ಇಂಥ ಗಂಡೆದೆಯ ಹೆಂಗಸರ ಸಾಲಿನಲ್ಲಿ ಬಂದು ಕೂತ ಇವಳಿಗೆ ಎದೆ ನಡುಗುವ ಕಾಯಿಲೆ ಗಂಟುಬಿತ್ತು.

ಬಸವಣ್ಣೆಮ್ಮ ದಾಟಿದ ದಿನದಿಂದ ಆ ಮನೆಯಲ್ಲಿ ಒಂದು ಪದ್ಧತಿ. ಹೊಸ ಭತ್ತದ ಮಂಡಕ್ಕಿ ಹುರಿದ ಮೊದಲ ಬುಟ್ಟಿಯನ್ನು ಭಟ್ಟಿಯ ಯಜಮಾನಿ ತಾನೇ ಹೊತ್ತು, ಹರಿಹರದ ಸೇತುವೆಯನ್ನು ನಡೆದೇ ದಾಟಿ, ಆಚೆ ದಡದ ಅದೇ ಮನೆಯವರ ಅಂಗಡಿಗೆ ಮುಟ್ಟಿಸಬೇಕು. ಭಟ್ಟಿಯನ್ನು ಸೊಸೆಗೆ ಒಪ್ಪಿಸುವ ವರ್ಷ ಅತ್ತೆ ಮುಂದೆ, ಸೊಸೆ ಹಿಂದೆ. ಆಚೆ ದಡ ಮುಟ್ಟಿದ ಮೇಲೆ ಬುಟ್ಟಿ ಅತ್ತೆಯ ತಲೆಯಿಂದ ಸೊಸೆಯ ತಲೆಗೆ ಹೋಗುತ್ತದೆ. ಅದಕ್ಕೆ ಕಾಗದವಿಲ್ಲ, ಸಾಕ್ಷಿಯಿಲ್ಲ. ಬುಟ್ಟಿ ಬದಲಾಯಿತೋ, ಭಟ್ಟಿ ಬದಲಾಯಿತು.

ಗುರುಶಾಂತಮ್ಮನ ಕಾಯಿಲೆ ಶುರುವಾದದ್ದೂ ಅದೇ ಸೇತುವೆಯ ಮೇಲೆ. ಆಚೆ ಊರಿನ ಒಂದು ಸಾವಿಗೆ ಹೋಗಿ ಆಟೋದಲ್ಲಿ ಬರುವಾಗ ಹಿಂದೆ ಮುಂದೆ ಲಾರಿಗಳು ಸಿಕ್ಕಿಕೊಂಡವು. ಕೆಳಗೆ ನೀರು, ಮೇಲೆ ಹೊಗೆ, ಲಾರಿ ಗುಡುಗಿದರೆ ಕಾಲಡಿಯ ಸೇತುವೆಯೂ ಗುಡುಗುತ್ತಿತ್ತು. ಒಮ್ಮೆಗೇ ಅವಳ ಎದೆ ಹುರಿಯುವ ಬಾಣಲೆಯಂತೆ ಚಟಪಟ ಎಂದಿತು. ಬೆವರು ಕಿತ್ತುಕೊಂಡಿತು, ಉಸಿರು ಗಂಟಲಲ್ಲೇ ನಿಂತಿತು. ಗಂಡ ನಾಗಭೂಷಣ್ ಹೆದರಿ ನೇರ ಆಸ್ಪತ್ರೆಗೆ ಕರೆದೊಯ್ದ. ಡಾಕ್ಟರಮ್ಮ ಇಸಿಜಿ ತೆಗೆಸಿ, ರಕ್ತ ನೋಡಿ, "ಹೃದಯ ಗಟ್ಟಿ ಇದೆ ಅಮ್ಮ. ಇದು ಗಾಬರಿ, ಅಷ್ಟೇ" ಎಂದಳು.

"ಗಾಬರಿ? ನನಗಾ?" ಎಂದಳು ಗುರುಶಾಂತಮ್ಮ. ಹೃದಯ ಕೆಟ್ಟಿದೆ ಎಂದಿದ್ದರೂ ಅವಳಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಮನೆಗೆ ಬಂದವಳು ಗಾಬರಿಯನ್ನು ಮುಚ್ಚಿಟ್ಟು ಮೊಣಕಾಲು ನೋವನ್ನು ಹೊರಗೆ ತಂದಳು. ಮುಂದಿನ ಸುಗ್ಗಿಗೆ ಮೊದಲ ಬುಟ್ಟಿ ಮಗ ಬಕ್ಕೇಶನ ಗೂಡ್ಸ್ ಆಟೋದಲ್ಲಿ ದಾಟಿತು. ಅದರ ಮುಂದಿನ ಸುಗ್ಗಿಗೂ ಹಾಗೆಯೇ. ಕೇಳಿದವರಿಗೆಲ್ಲ, "ಏನ್ ಮಾಡ್ಲಿ ತಾಯಿ, ಮೊಣಕಾಲು ಕೈ ಕೊಡ್ತು" ಎಂದಳು. ಅದೇ ಮೊಣಕಾಲಲ್ಲಿ ಏಣಿ ಹತ್ತಿ ಅಟ್ಟದ ಮೇಲಿನ ಜರಡಿ ಇಳಿಸುವುದನ್ನು ಸೊಸೆ ನಯನಾ ನೋಡಿದ್ದಳು.

ನಯನಾ ಬಿ.ಎಸ್ಸಿ. ಓದಿದ ಹುಡುಗಿ. ಭಟ್ಟಿಯ ಕೆಲಸ ಕಲಿತು ಕೈ ಕುದುರಿತ್ತು. ಉಪ್ಪುನೀರು ಕುಡಿದ ಅಕ್ಕಿ ಕಾದ ಉಸುಕಿಗೆ ಬಿದ್ದಾಗ ಯಾವ ಸದ್ದಿಗೆ ಎತ್ತಬೇಕೆಂದು ಅವಳ ಕಿವಿಗೆ ಗೊತ್ತಿತ್ತು. ಬುಟ್ಟಿ ಮಾತ್ರ ಬಂದಿರಲಿಲ್ಲ. ಒಂದು ದಿನ ಅತ್ತೆಯ ತಲೆಗೆ ಎಣ್ಣೆ ಹಚ್ಚುತ್ತಾ ಮೆಲ್ಲಗೆ ಕೇಳಿದಳು.

"ಅತ್ತಿ, ಮೊಣಕಾಲಿಗೆ ಸೇತುವೆ ಕಂಡಾಗಷ್ಟೇ ನೋವಾಗತೈತೆ ಏನು?"

ಗುರುಶಾಂತಮ್ಮ ಸಿಡುಕಬೇಕೆಂದು ಬಾಯಿ ತೆರೆದಳು, ಬಂದದ್ದು ಅಳು. ಸೊಸೆಗೆ ಭಟ್ಟಿ ಒಪ್ಪಿಸದೆ ಹಿಡಿದಿಟ್ಟುಕೊಂಡವಳು ಎಂದು ಊರು ಆಡಿಕೊಳ್ಳುತ್ತದೆ. ಆಟೋದಲ್ಲಿ ದಾಟಿ ಒಪ್ಪಿಸಿದರೆ ಆ ಮೂವರು ಅತ್ತೆಯರಿಗೆ ಮುಖ ತೋರಿಸುವುದು ಹೇಗೆ? ಇರುಳೆಲ್ಲ ಇದೇ ಯೋಚನೆ, ನಿದ್ದೆಯಿಲ್ಲ, ನಿದ್ದೆಯಿಲ್ಲದ್ದಕ್ಕೆ ಇನ್ನಷ್ಟು ನಡುಕ. ಎಲ್ಲವನ್ನೂ ಸೊಸೆಯ ಮುಂದೆ ಸುರಿದಳು.

ನಯನಾ ಫೋನಿನಲ್ಲಿ ಏನೇನೋ ಓದಿ, ಅತ್ತೆಯನ್ನು ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದಳು. ಮೆಗ್ನೀಸಿಯಂ ಎಂಬ ಖನಿಜ, ಗ್ಲೈಸಿನ್ ಎಂಬ ಅಮೈನೊ ಆಮ್ಲ, ಎರಡೂ ಬೆರೆಸಿದ ಪುಡಿ ತೆಗೆದುಕೊಂಡರೆ ಗಾಬರಿ ಇಳಿಯುತ್ತದಂತಲ್ಲ, ಹೌದಾ ಎಂದು ಕೇಳಿದಳು.

"ಆಸಿಡ್ ಕುಡಿಸ್ತಾಳಂತ್ರಿ ನನ್ನ ಸೊಸಿ! ಭಟ್ಟಿ ಬೇಕಾಗಿದ್ರೆ ಹಂಗೇ ಕೇಳಬಾರದಾ?" ಎಂದಳು ಗುರುಶಾಂತಮ್ಮ.

ಡಾಕ್ಟರಮ್ಮ ನಕ್ಕಳು. "ಆ ಆಸಿಡ್ ಅಲ್ಲಮ್ಮ. ನೀವು ತಿನ್ನೋ ಬೇಳೆಯಲ್ಲೂ ಇರತ್ತೆ. ನಿಮ್ಮ ಕಿಡ್ನಿ ಚೆನ್ನಾಗಿದೆ, ತಗೊಳ್ಳಿ. ಆದ್ರೆ ದೊಡ್ಡ ಆಸೆ ಇಟ್ಕೋಬೇಡಿ. ಕೆಲವರಿಗೆ ನಿದ್ದೆ ಸುಧಾರಿಸತ್ತೆ, ಮನಸ್ಸು ಸ್ವಲ್ಪ ತಣ್ಣಗಾಗತ್ತೆ, ಎಲ್ಲರಿಗೂ ಅಲ್ಲ. ಸೇತುವೆ ಭಯಕ್ಕೆ ಸೇತುವೆ ಹತ್ರಾನೇ ಹೋಗಬೇಕು. ಇವತ್ತು ನಾಲ್ಕು ಹೆಜ್ಜೆ ಹೋಗಿ ನಿಂತು ಬನ್ನಿ, ನಾಳೆ ಇನ್ನೊಂದಿಷ್ಟು."

ಪುಡಿಯ ಡಬ್ಬಿ ಮನೆಗೆ ಬಂತು. ಮಲಗುವ ಮುಂಚೆ ಒಂದು ಚಮಚ, ನೀರಿಗೆ ಹಾಕಿ ಕುಡಿಯಬೇಕು ಎಂದು ನಯನಾ ತೋರಿಸಿಕೊಟ್ಟಳು. ಎಡವಟ್ಟಾದದ್ದು ಅಲ್ಲಿಯೇ.

ಗುರುಶಾಂತಮ್ಮ ಅಂಗೈಯ ಲಿಂಗಕ್ಕೆ ತೋರಿಸದೆ ತುತ್ತು ಬಾಯಿಗಿಡುವವಳಲ್ಲ. ಲಿಂಗಕ್ಕೆ ತೋರಿಸಿದ್ದು ಪ್ರಸಾದ. ಪ್ರಸಾದವನ್ನು ಒಬ್ಬಳೇ ತಿಂದರೆ ಅವಳಿಗೆ ಗಂಟಲಲ್ಲಿ ಇಳಿಯುವುದಿಲ್ಲ. ಅವಳು ಮಾಡಿದ್ದೇನೆಂದರೆ, ಡಬ್ಬಿಯನ್ನು ಸೆರಗಿನಲ್ಲಿ ಭಟ್ಟಿಗೆ ಒಯ್ದಳು. ಮಧ್ಯಾಹ್ನ ಎಲ್ಲರೂ ಬೆವರೊರೆಸಿಕೊಂಡು ಕೂತಾಗ ದೊಡ್ಡ ಕೊಡದ ಮಜ್ಜಿಗೆಗೆ ತಲೆಗೊಂದು ಚಮಚದಂತೆ ಸುರಿದು, ತಾನೂ ಒಂದು ಲೋಟ ಕುಡಿದು, ಉಳಿದವರಿಗೂ ಹಂಚಿದಳು. ಉಸುಕಿನಲ್ಲಿ ಅಕ್ಕಿ ಹುರಿಯುವ ಅಕೀಬ್, ಜರಡಿ ಹಿಡಿಯುವ ಕಾಳವ್ವ, ಚೀಲ ಹೊಲಿಯುವ ಹೆಂಗಸರು, ಎಲ್ಲರೂ ತುಟಿ ಚಪ್ಪರಿಸಿದರು.

"ಮಜ್ಜಿಗಿ ಯಾಕ ಸಿಹಿ ಐತೆ ಅಮ್ಮಾರೆ?" ಎಂದು ಕಾಳವ್ವ ಕೇಳಿದಳು.

"ಪ್ರಸಾದ ಐತೆ, ಕುಡಿ" ಎಂದಳು ಗುರುಶಾಂತಮ್ಮ.

ಅದೇ ದಿನ ರುಚಿ ಕಂಡ ಅಕೀಬ್ ಎರಡು ಲೋಟ ಹೆಚ್ಚಿಗೆ ಕುಡಿದ. ಮರುದಿನವೂ ಅದೇ ಮಜ್ಜಿಗೆ. ಮೂರನೆಯ ಬೆಳಿಗ್ಗೆ ಭಟ್ಟಿ ಹೊತ್ತಿಕೊಂಡಿತ್ತು, ಮುಂದೆ ನಿಲ್ಲುವವರಿರಲಿಲ್ಲ. ಹಿತ್ತಲ ಪಾಯಖಾನೆಯ ಮುಂದೆ ಸಾಲು ನಿಂತಿತ್ತು. ಅಕೀಬ್ ಒಂದು ಕೈಯಲ್ಲಿ ಚೊಂಬು, ಇನ್ನೊಂದರಲ್ಲಿ ಹೊಟ್ಟೆ ಹಿಡಿದು ಒದರಿದ:

"ಕಾಳಕ್ಕಾ, ಜಲ್ದಿ ಬಾರೇ! ಒಳಗ ಸಂಸಾರ ಹೂಡಿಯೇನು?"

"ಸುಮ್ನಿರೋ! ಮೂರು ಲೋಟ ಏರಿಸಿದಾಗ ಜಲ್ದಿ ಗೊತ್ತಾಗಲಿಲ್ಲ ಏನು?" ಎಂದು ಒಳಗಿಂದಲೇ ಬಂತು ಉತ್ತರ.

ಗದ್ದಲ ಕೇಳಿ ಬಂದ ನಯನಾ ಖಾಲಿ ಡಬ್ಬಿ ನೋಡಿ ತಲೆ ಮೇಲೆ ಕೈ ಹೊತ್ತಳು. ಆ ಪುಡಿ ಹೆಚ್ಚಾದರೆ ಹೊಟ್ಟೆ ಸಡಿಲಾಗುತ್ತದೆ ಎಂದು ಡಬ್ಬಿಯ ಮೇಲೇ ಇತ್ತು. ಆಮೇಲೆ ಒಮ್ಮೆಗೇ ಅವಳ ಮುಖ ಬಿಳಿಚಿತು.

"ಅತ್ತಿ, ಉಚ್ಚಂಗೆಪ್ಪಜ್ಜಗೂ ಕುಡಿಸಿದ್ರಾ?"

ಉಚ್ಚಂಗೆಪ್ಪ ಭಟ್ಟಿಯ ಹಳೆಯ ಕಾವಲಿನವನು. ಅವನ ಕಿಡ್ನಿ ಕೆಟ್ಟು ಔಷಧದ ಮೇಲಿದ್ದ. ಕಿಡ್ನಿ ಕೆಟ್ಟವರಿಗೆ ಈ ಖನಿಜ ಮೈಯಲ್ಲೇ ನಿಂತು ಅಪಾಯ ಮಾಡುತ್ತದೆ ಎಂದು ನಯನಾ ಹೇಳಿದಾಗ ಗುರುಶಾಂತಮ್ಮ ಗೋಡೆ ಹಿಡಿದಳು. ಪುಣ್ಯಕ್ಕೆ ಅಜ್ಜ ಆ ವಾರ ಆವರಗೆರೆಯ ಮಗಳ ಮನೆಯಲ್ಲಿದ್ದ. ಮಜ್ಜಿಗೆಯ ಹನಿಯೂ ಅವನ ನಾಲಿಗೆಗೆ ತಾಕಿರಲಿಲ್ಲ. ಆದರೂ ಅವಳು ಆಟೋ ಹಿಡಿದು ಆವರಗೆರೆಗೆ ಹೋಗಿ, ಅಜ್ಜ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಜಗಿಯುವುದನ್ನು ಕಣ್ಣಾರೆ ನೋಡಿ ತಿರುಗಿ ಬಂದಳು.

ಮಧ್ಯಾಹ್ನ ಎಲ್ಲರನ್ನೂ ಕೂಡ್ರಿಸಿಕೊಂಡು ಬಾಯಿ ಬಿಟ್ಟಳು. ಅದು ಪ್ರಸಾದದ ಪುಡಿಯಲ್ಲ, ತನ್ನ ಗಾಬರಿಯ ಪುಡಿ. ಮೊಣಕಾಲು ನೋವು ಬರೀ ಸುಳ್ಳು. ಸೇತುವೆ ನೆನೆದರೆ ಎದೆ ಕುಣಿಯುತ್ತದೆ. ಹೇಳಿ ಮುಗಿಸಿ, ಈಗ ನಗುತ್ತಾರೆ ಎಂದು ತಲೆ ತಗ್ಗಿಸಿದಳು. ನಕ್ಕರು, ನಿಜ. ಹೊಟ್ಟೆ ಹಿಡಿದುಕೊಂಡೇ ನಕ್ಕರು.

"ನಿಮ್ಮ ಗಾಬರಿ ಹೋತೋ ಇಲ್ಲೋ ಅಮ್ಮಾ, ನಮಗಂತೂ ಶುರು ಆತು" ಎಂದ ಅಕೀಬ್. "ನನಗ ಲಿಫ್ಟ್ ಅಂದ್ರೆ ಅಂಜಿಕಿ. ಆಸ್ಪತ್ರಿಯಾಗೆ ನಾಕು ಮಹಡಿ ಹತ್ತೀನಿ, ಲಿಫ್ಟಿನಾಗೆ ಕಾಲಿಟ್ಟಿಲ್ಲ."

"ನನಗ ಫೋನ್ ಬಡಕೊಂಡ್ರೆ ಯಾರು ಸತ್ರೋ ಅನ್ನಸ್ತೈತೆ" ಎಂದಳು ಕಾಳವ್ವ.

ಅಂದಿನಿಂದ ಗುರುಶಾಂತಮ್ಮ ಪ್ರಸಾದ ಹಂಚುವ ಪದ್ಧತಿಯನ್ನು ಮುರಿಯದೆ ಸ್ವಲ್ಪ ಬಾಗಿಸಿದಳು. ಹೊಸ ಡಬ್ಬಿ ನಯನಾಳ ಕಪಾಟಿನಲ್ಲಿ ಉಳಿಯಿತು. ರಾತ್ರಿ ಲಿಂಗಕ್ಕೆ ಬೆಲ್ಲ ಬೆರೆಸಿದ ಹಿಡಿ ಮಂಡಕ್ಕಿ ತೋರಿಸಿ, ಅದನ್ನು ಮನೆಯವರಿಗೆಲ್ಲ ಹಂಚುವಳು. ಆಮೇಲೆ ಪುಡಿಯ ಲೋಟ ಎತ್ತಿ, "ಇದೊಂದು ನನ್ನ ಪಾಲಿಂದು, ಕ್ಷಮಿಸಪ್ಪ" ಎಂದು ಲಿಂಗಕ್ಕೆ ಹೇಳಿ ಕುಡಿಯುವಳು. ನಾಗಭೂಷಣ್ ಚಾದರದೊಳಗಿಂದ, "ನನಗೂ ಒಂದು ಗುಟುಕು?" ಎಂದು ಕೆಣಕಿದರೆ, "ಪಾಯಖಾನೆ ದೂರ ಐತೆ, ಮಲಗ್ರಿ" ಎನ್ನುವಳು.

ನಿದ್ದೆ ಬರತೊಡಗಿತು. ಮೊದಲು ಅರೆಬರೆ, ಆಮೇಲೆ ಕೋಳಿ ಕೂಗುವ ತನಕ. ಅದು ಪುಡಿಯ ಗುಣವೋ, ಸುಳ್ಳಿನ ಮೂಟೆ ಇಳಿಸಿದ ಹಗುರವೋ, ದಿನಾ ನಡೆದ ನಡಿಗೆಯೋ ಅವಳಿಗೆ ಗೊತ್ತಿರಲಿಲ್ಲ; ವಿಂಗಡಿಸುವ ಹಂಬಲವೂ ಇರಲಿಲ್ಲ. ವಾರಕ್ಕೊಂದೆರಡು ಸಲ ನಯನಾಳ ಸ್ಕೂಟಿಯಲ್ಲಿ ಹರಿಹರಕ್ಕೆ ಹೋಗಿ, ಸೇತುವೆಯ ತಲೆಯಲ್ಲಿ ನಿಂತು, ಕಂಬಿ ಹಿಡಿದು, ಎದೆ ಹೊಡೆದುಕೊಳ್ಳುವುದನ್ನು ಹೊಡೆದುಕೊಳ್ಳಲು ಬಿಟ್ಟು ಬರುವಳು. ಒಂದು ಸಲ ಮೊದಲ ಕಂಬದ ತನಕ ಹೋದಳು. ಇನ್ನೊಂದು ಸಲ ಅಲ್ಲಿಂದಲೂ ಓಡಿ ಬಂದಳು. ಬಂದು, ದಡದಲ್ಲಿ ಮಿರ್ಚಿ ತಿಂದು, ಮತ್ತೆ ಹೋದಳು.

ಹೊಸ ಭತ್ತ ಬಂತು. ಮೊದಲ ಹುರಿ ನಯನಾಳದೇ. ಮಲ್ಲಿಗೆಯಂತೆ ಅರಳಿದ ಮಂಡಕ್ಕಿಯನ್ನು ಬುಟ್ಟಿಗೆ ತುಂಬಿ, ಬಿಳಿ ಬಟ್ಟೆ ಕಟ್ಟಿದರು. ಹರಿಹರದ ತನಕ ಬಕ್ಕೇಶನ ಗೂಡ್ಸ್ ಆಟೋ. ಹಿಂದೆ ಕೂತ ಅಕೀಬ್ ದಾರಿಯುದ್ದಕ್ಕೂ, "ಅಮ್ಮಾ, ಮಜ್ಜಿಗಿ ಕುಡಿದು ಬಂದೀರಿ ಏನು?" ಎಂದು ಕಾಡುತ್ತಿದ್ದ. ಸೇತುವೆಯ ತಲೆಯಲ್ಲಿ ಗುರುಶಾಂತಮ್ಮ ಇಳಿದಳು. ತಲೆಗೆ ಬಟ್ಟೆಯ ಸಿಂಬಿ ಇಟ್ಟು ಬುಟ್ಟಿ ಹೊತ್ತಳು. ಹಿಂದೆ ನಯನಾ. ಗೂಡ್ಸ್ ಆಟೋ ಇನ್ನೂ ಹಿಂದೆ, ಮೆಲ್ಲಗೆ.

ಮೊದಲ ಕಂಬ ದಾಟಿತು, ಮತ್ತೂ ಕೆಲವು ದಾಟಿದವು. ಹೊಳೆ ತಣ್ಣಗೆ ಹರಿಯುತ್ತಿತ್ತು. ಬಂಡೆಗಳ ಮೇಲೆ ಯಾರೋ ಬಟ್ಟೆ ಹರವಿದ್ದರು. ನಡುಭಾಗಕ್ಕೆ ಬಂದಾಗ ತುಂಬಿದ ಲಾರಿಯೊಂದು ಗುಡುಗುತ್ತಾ ಪಕ್ಕದಲ್ಲೇ ಹಾದುಹೋಯಿತು. ಕಾಲಡಿ ನಡುಗಿತು. ಅವಳ ಎದೆಯಲ್ಲಿ ಹಳೆಯ ಬಾಣಲೆ ಚಟಪಟ ಎಂದಿತು. ಬಾಯಿ ಒಣಗಿತು, ಕಾಲು ನಿಂತವು.

ಬಕ್ಕೇಶ ಆಟೋವನ್ನು ಪಕ್ಕಕ್ಕೆ ತಂದ. "ಅವ್ವಾ, ಸಾಕು, ಇಷ್ಟು ಬಂದಿದ್ದೇ ದೊಡ್ಡದು. ಹತ್ತು." ನಯನಾ ಬುಟ್ಟಿಗೆ ಕೈ ಕೊಟ್ಟಳು. "ಅತ್ತಿ, ನಾನು ಹಿಡೀತೀನಿ, ನೀವು ಬರೇ ನಡೀರಿ." ಹಿಂದೆ ಹಾರನ್ನುಗಳು ಒದರತೊಡಗಿದವು.

ಗುರುಶಾಂತಮ್ಮ ಎರಡು ಕೈಯಿಂದಲೂ ಬುಟ್ಟಿ ಹಿಡಿದಳು. ಉಸಿರನ್ನು ಒಳಗೆಳೆದು ಮೆಲ್ಲಗೆ ಬಿಟ್ಟಳು. ಒಂದು ಕಾಲು ಮುಂದಿಟ್ಟಳು.

"ಬ್ಯಾಡೋ ಬಕ್ಕೇಶ, ಗಾಡಿ ಮುಂದಕ್ಕೆ ಬಿಡು, ಜನ ಕಾಯ್ತಾರೆ. ನಯನಾ, ಕೈ ತೆಗಿಯವ್ವ. ಎದಿ ಹೊಡಕಂತೈತೆ, ಹೊಡಕಳ್ಳಲಿ. ಅದರ ಕೆಲಸ ಅದು ಮಾಡ್ಲಿ, ನನ್ನ ಕೆಲಸ ನಾ ಮಾಡ್ತೀನಿ. ಆಚೆ ದಡ ಮುಟ್ಟೋತನಕ ಈ ಬುಟ್ಟಿ ನಂದೊಬ್ಬಳದೇ ಪಾಲು, ಯಾರಿಗೂ ಹಂಚೂದಿಲ್ಲ."