ಅವರ ಬಾಯಿಗೆ ಹೋದ ನನ್ನ ಮಾತು

ಆ ದಿನ ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂದಿತ್ತು. ದಾವಣಗೆರೆಯ ಕೆ.ಬಿ. ಬಡಾವಣೆಯ ನಮ್ಮ ಬೀದಿಗೆ ನೀರು ಬಿಟ್ಟ ದಿನ ಮಿಕ್ಕ ಕೆಲಸವೆಲ್ಲ ಹಿಂದೆ ಸರಿಯುತ್ತದೆ. ಡ್ರಮ್ಮು, ಕೊಡ, ಕೊನೆಗೆ ಹಾಲಿನ ಪಾತ್ರೆಯನ್ನೂ ತುಂಬಿಸಿ, ಮಂಡಕ್ಕಿ ನೆನೆಸಿ ಒಗ್ಗರಣೆ ಹಾಕಿ, ನಮ್ಮ ಮನೆಯವರಿಗೆ ಅಂಗಿ ತೊಡಿಸಿದೆ. ಬಲಗೈಯನ್ನು ಮೊದಲು ತೋಳಿನೊಳಗೆ ತೂರಿಸಬೇಕು. ಎಡಗೈ ತಾನಾಗಿ ಬರುತ್ತದೆ. ಇಷ್ಟನ್ನೂ ತುಟಿ ಬಿಗಿಹಿಡಿದೇ ಮಾಡಿದೆ. ಒಂದು ಮಾತು ಬಾಯಿಂದ ಜಾರಬಾರದಿತ್ತು.

“ಏನೂ ಆಗಲ್ಲ.”

ಆ ಮಾತು ನನಗೆ ಸಿಕ್ಕಿದ್ದು ಕಾನ್ವೆಂಟಿನಲ್ಲಿ. ಅಲ್ಲಿ ಆಟದ ಮೈದಾನದಲ್ಲೂ ಇಂಗ್ಲಿಷೇ ಆಡಬೇಕು. ಪದ್ಯ ಹೇಳಲು ವೇದಿಕೆ ಹತ್ತುವ ಮೊದಲು ನನ್ನ ಮೊಣಕಾಲು ನಡುಗುವುದನ್ನು ಕಂಡ ಸಿಸ್ಟರ್ ಒಬ್ಬರು, ಸೀಮೆಸುಣ್ಣ ಮೆತ್ತಿದ ಬೆರಳಲ್ಲಿ ಗಲ್ಲ ಹಿಡಿದು, ತಮ್ಮದೇ ನಿಯಮ ಮುರಿದು ಕಿವಿಯಲ್ಲಿ ಅಂದಿದ್ದರು: “ಏನೂ ಆಗಲ್ಲ ಮಗಾ. ಉಸಿರು ತಗೋ.” ಆಮೇಲೆ ಪರೀಕ್ಷೆಗೂ ಅದೇ, ಹೆರಿಗೆ ಕೋಣೆಗೂ ಅದೇ, ಅತ್ತೆಯ ಮುಂದೆ ಮೊದಲ ಸಲ ರೊಟ್ಟಿ ತಟ್ಟಲು ಕೂತಾಗಲೂ ಅದೇ. ಉಸಿರು ಬಿಡುತ್ತ ಮೆಲ್ಲಗೆ ಅಂದುಕೊಂಡರೆ ಕೈ ನಡುಕ ನಿಲ್ಲುತ್ತಿತ್ತು.

ನಮ್ಮ ಮನೆಯವರು ಬಟ್ಟೆ ಅಂಗಡಿಯಲ್ಲಿ ಇಡೀ ದಿನ ಸೀರೆ ಬಿಚ್ಚಿ ಹರವಿ, ಮಾತಿನಲ್ಲೇ ಗಿರಾಕಿಯನ್ನು ಕೂರಿಸುತ್ತಿದ್ದವರು. ನನ್ನ ಗೊಣಗಾಟ ಅವರಿಗೊಂದು ತಮಾಷೆ. “ಏನೇ, ನಿಮ್ಮ ಸಿಸ್ಟರ್ ಮಂತ್ರ ಶುರುವಾತಾ? ಒಲಿ ಮ್ಯಾಲಿನ ಹಾಲಿಗೂ ಒಂದೀಟು ಹೇಳು, ಉಕ್ಕದಂಗೆ ಇರ್ತೈತೆ.”

ಲಕ್ವ ಹೊಡೆದು ಅವರ ಬಲಭಾಗ ಬಿತ್ತು, ಮಾತು ಪೂರ್ತಿ ಹೋಯಿತು. ಆಸ್ಪತ್ರೆಯಲ್ಲಿ ಅವರ ದಿಂಬಿನ ಪಕ್ಕ ಕೂತು ನಾನು ಹಗಲಿಡೀ ಅದನ್ನೇ ಅನ್ನುತ್ತಿದ್ದೆ. ಕೊನೆಗೊಂದು ದಿನ ಅವರ ತುಟಿ ಅಲ್ಲಾಡಿ ಹೊರಬಂದ ಮೊದಲ ಮಾತು, “ಏನೂ ಆಗಲ್ಲ.” ವಾರ್ಡಿಗೆಲ್ಲ ಪೇಢೆ ಹಂಚಿದೆ. ಅದರ ಹಿಂದೆ ಬೇರೆ ಮಾತೇ ಇಲ್ಲ ಎಂದು ಗೊತ್ತಾಗಲು ಕೆಲವು ದಿನ ಬೇಕಾಯಿತು.

ಹಸಿವಾದರೂ ಏನೂ ಆಗಲ್ಲ, ಬಚ್ಚಲಿಗೆ ಹೋಗಬೇಕಾದರೂ ಏನೂ ಆಗಲ್ಲ. ಒಮ್ಮೆ ಸಂಜೆ ಪಂಚೆ ಬದಲಿಸುವಾಗ ತೊಡೆಯ ಮೇಲೆ ಬೊಬ್ಬೆ ಕಂಡಿತು. ಬೆಳಿಗ್ಗೆ ಚೆಲ್ಲಿಕೊಂಡಿದ್ದ ಚಹಾ. ಆಗಲೇ “ಬಿಸಿ ಇತ್ತಾ?” ಎಂದು ಕೇಳಿದ್ದೆ. “ಏನೂ ಆಗಲ್ಲ” ಅಂದಿದ್ದರು, ನಾನು ನಂಬಿ ಬಟ್ಟೆ ಒಗೆಯಲು ಹೋಗಿದ್ದೆ. ನಮ್ಮಲ್ಲಿ ಯಾರಾದರೂ ಹಾಗೆ ಅಂದರೆ ಮತ್ತೆ ಕೇಳುವ ರೂಢಿ ಇಲ್ಲವಲ್ಲ.

ಹರಿಹರದಲ್ಲಿ ತನ್ನ ಮನೆಯ ಮುಂದಿನ ಕೋಣೆಯಲ್ಲೇ ಮಾತಿನ ತರಬೇತಿ ಕೊಡುವ ಹುಡುಗಿಯೊಬ್ಬಳಿದ್ದಾಳೆ. ನಮ್ಮ ಮನೆಯವರನ್ನು ಮೊದಲ ಸಲ ಕರೆದೊಯ್ದಾಗ, ಅವರ ಬಾಯಲ್ಲಿ ಅದೊಂದೇ ಮಾತು ಸಿಕ್ಕಿಕೊಂಡಿದ್ದನ್ನು ನೋಡಿ ನನ್ನನ್ನೇ ಕೇಳಿದಳು, “ಆಂಟಿ, ಇದು ನಿಮ್ಮ ಮಾತಲ್ಲೇನ್ರಿ?”

ಹೂಂ ಅಂದೆ.

“ಹಂಗಾದ್ರ ನೀವು ಅನ್ನಬ್ಯಾಡ್ರಿ. ನಿಮ್ಮಿಂದ ಕೇಳಿದಂಗೆಲ್ಲ ಅವರ ನಾಲಿಗಿ ಅದೇ ದಾರಿ ಹಿಡಿತೈತೆ. ಬ್ಯಾರೆ ಮಾತಿಗೆ ಜಾಗ ಬೇಕು.”

“ಮನಸ್ಸಿನಲ್ಲಿ ಅಂದ್ಕೋಬಹುದಾ?”

“ಅಂದ್ಕೊಳ್ರಿ. ತುಟಿ ಮಾತ್ರ ಅಲ್ಲಾಡಬಾರದು. ಅವರು ನಿಮ್ಮ ತುಟಿನೇ ನೋಡ್ತಿರ್ತಾರೆ.”

ಉಸಿರಿಲ್ಲದೆ ಮನಸ್ಸಿನಲ್ಲಿ ಅಂದುಕೊಂಡರೆ ಅದು ನಾಟುತ್ತಿರಲಿಲ್ಲ. ಸಾರಿಗೆ ಉಪ್ಪು ಹಾಕಿದ್ದು ಮರೆತು ಮತ್ತೆ ಹಾಕುತ್ತಿದ್ದೆ. ಬಳೆಗಳು ತಮ್ಮಷ್ಟಕ್ಕೆ ಸದ್ದು ಮಾಡುವುದು ಕೇಳಿ ಕೈ ನಡುಗುತ್ತಿದೆ ಎಂದು ತಿಳಿಯುತ್ತಿತ್ತು. ಆದರೆ ಅವರೂ ನಿಧಾನವಾಗಿ ಸುಮ್ಮನಾದರು. ಬಾಗಿಲ ಬಳಿ ಕುರ್ಚಿ ಹಾಕಿಕೊಂಡು, ಏನೋ ಹುಡುಕುವವರಂತೆ ಬಾಯಿ ತೆರೆದು ಮುಚ್ಚುತ್ತಿದ್ದರು. ಆ ಮೌನ ಮುರಿಯದಂತೆ ನಾನು ಕಾಯುತ್ತಿದ್ದೆ.

ನಲ್ಲಿಯಲ್ಲಿ ನೀರು ಬಂದ ಆ ದಿನ ಹರಿಹರದಲ್ಲಿ ಹುಡುಗಿ ನೀರಿನ ಲೋಟವನ್ನು ಅವರ ಮುಂದೆ, ಕೈಗೆ ಎಟುಕದಷ್ಟು ದೂರ ಇಟ್ಟಳು. “ಏನು ಬೇಕ್ರಿ ಅಂಕಲ್?”

ಅವರು ನನ್ನ ತುಟಿ ನೋಡಿದರು. ನಾನು ಸೆರಗು ಅಡ್ಡ ಹಿಡಿದೆ. ಅವರ ಕತ್ತಿನ ನರ ಉಬ್ಬಿತು. “ನೀ…” ಅಂದು ನಿಂತರು. ಎಷ್ಟೋ ಹೊತ್ತಾದ ಮೇಲೆ, “ನೀರ್.”

ಹುಡುಗಿ ಲೋಟವನ್ನು ಅವರ ಎಡಗೈಗೆ ಕೊಟ್ಟು, ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದಳು: “ಇದು ಇನ್ನೂ ಹಸಿ ಐತ್ರಿ. ಮನಿಗೆ ಹೋಗೋತನಕ ಇದೊಂದೇ ಅನ್ನಿಸ್ರಿ. ಹಳೇದು ಕಿವಿಗೆ ಬಿದ್ರೆ ಇದು ಹೋಗಿಬಿಡ್ತೈತೆ.”

ಬಸ್ ನಿಲ್ದಾಣದಲ್ಲಿ ಮಲೆಬೆನ್ನೂರಿನ ಬಸ್ಸಿನಿಂದ ಇಳಿದ ಜನ, ಮೂಟೆ, ಗದ್ದಲ. ದಾವಣಗೆರೆ ಬಸ್ಸಿಗೆ ಅವರನ್ನು ಹತ್ತಿಸುವಾಗ ಹಿಂದಿನಿಂದ ಯಾರೋ ನೂಕಿದರು. ಬಲಗಾಲು ಮೆಟ್ಟಿಲಿಗೆ ಸಿಗಲಿಲ್ಲ. ಅವರು ನನ್ನ ಮೇಲೆ ವಾಲಿ ನೆಲಕ್ಕೆ ಬಿದ್ದರು. ಮೊಣಕಾಲು ತರಚಿ ಪಂಚೆ ಕೆಂಪಾಯಿತು. ಕಣ್ಣು ಅಗಲಿಸಿ ನನ್ನನ್ನೇ ನೋಡುತ್ತಿದ್ದರು. ಅವರ ತಲೆ ತೊಡೆಯ ಮೇಲಿಟ್ಟುಕೊಂಡು ನಾನು ಗಟ್ಟಿಯಾಗಿ, ನಿಲ್ಲಿಸಲಾಗದೆ, ಅದನ್ನೇ ಅನ್ನುತ್ತ ಹೋದೆ. ಏನೂ ಆಗಲ್ಲ, ಏನೂ ಆಗಲ್ಲ, ಏನೂ ಆಗಲ್ಲ. ಇಷ್ಟು ದಿನ ತಡೆದಿದ್ದ ಉಸಿರೆಲ್ಲ ಅದರೊಂದಿಗೇ ಬಂತು. ನನ್ನ ಕೈ ನಡುಕ ನಿಂತಿತು; ಅದೂ ನಿಜ.

ಅವರ ಮುಖ ಅರಳಿತು. “ಏನೂ ಆಗಲ್ಲ” ಅಂದರು, ತೊದಲದೆ, ಸ್ಪಷ್ಟವಾಗಿ.

ಕಂಡಕ್ಟರು ಎತ್ತಿ ಕೂರಿಸಿದ. ದಾರಿಯುದ್ದಕ್ಕೂ ಅವರು ಎಡಗೈಯಿಂದ ನನ್ನ ಮುಂಗೈ ಸವರುತ್ತ ಅದನ್ನೇ ಹೇಳುತ್ತಿದ್ದರು. ಸಮಾಧಾನ ಮಾಡುತ್ತಿದ್ದರೋ, ನಾಲಿಗೆ ತಾನೇ ಓಡುತ್ತಿತ್ತೋ, ನನಗೆ ತಿಳಿಯಲಿಲ್ಲ. ಮನೆಗೆ ಬಂದು ಬೆಳಿಗ್ಗೆ ಹಿಡಿದಿಟ್ಟ ನೀರನ್ನೇ ಲೋಟದಲ್ಲಿ ತಂದು ದೂರ ಹಿಡಿದೆ. “ಏನು ಬೇಕು ನಿಮಗೆ?” ಲೋಟವನ್ನು ಆಸೆಯಿಂದ ನೋಡಿದರು. “ಏನೂ ಆಗಲ್ಲ.” ಮತ್ತೆ ಕೇಳಿದೆ. ಮತ್ತೆ ಅದೇ. ಗಂಟಲು ಒಣಗಿ ಅವರು ತುಟಿ ಸವರಿಕೊಂಡಾಗ ಕುಡಿಸಿಬಿಟ್ಟೆ.

ಸಂಜೆ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತು, ಹೋಗುವವರಿಗೆ ಬರುವವರಿಗೆಲ್ಲ ಅದನ್ನೇ ಹೇಳುತ್ತಿದ್ದರು. ನಾನು ಅವರ ಮೊಣಕಾಲಿಗೆ ಮುಲಾಮು ಹಚ್ಚುತ್ತಿದ್ದೆ. ಪಕ್ಕದ ಮನೆಯಾಕೆ ತಂತಿಯಿಂದ ಒಣಗಿದ ಬಟ್ಟೆ ಎಳೆದು ಹೆಗಲಿಗೆ ಹಾಕಿಕೊಳ್ಳುತ್ತ ಕಾಂಪೌಂಡಿನ ಆಚೆಯಿಂದ ಅಂದಳು:

“ಅಂತೂ ಅಣ್ಣಾರು ಮತ್ತೆ ಮಾತಾಡಾಕ ಹತ್ಯಾರೆ ನೋಡ್ರಿ ಅಕ್ಕಾ. ಇಷ್ಟು ದಿನ ಮೂಗರಂಗೆ ಕುಂತಿದ್ರು, ನೋಡಾಕ ಆಗ್ತಿರಲಿಲ್ಲ. ಹರಿಹರದ ಔಷಧ ಹತ್ತೈತೆ ಬಿಡ್ರಿ.”